ಅಗಸೆ: ಹಿಂಡಿ ಮತ್ತು ಕೂದಲಿಗೆ ಲೋಳೆ

ಅಗಸೆ ಲೈನೇಸೀ ಕುಟುಂಬದ ವಾರ್ಷಿಕ ಎಣ್ಣೆಕಾಳು ಬೆಳೆ. ವೈಜ್ಞಾನಿಕ ನಾಮ ಲೈನಮ್ ಯುಸಿಟಾಟಿಸಿಮಮ್. ಬೆಳಗಾವಿ ಜಿಲ್ಲೆಯ ಹಾರೂಗೇರಿ, ರಾಯಬಾಗ, ಅಥಣಿ, ಚಿಕ್ಕೋಡಿ ಭಾಗದಲ್ಲಿ ಇದು ಅಗಸಿ. ಗಡಿಯಾಚೆಯ ಮರಾಠಿ ಊರುಗಳಲ್ಲಿ ಜವಸ. ಲಿನನ್ ಬಟ್ಟೆಯ ನಾರು ಬರುವುದು ಇದೇ ಗಿಡದಿಂದಾದರೂ ಉತ್ತರ ಕರ್ನಾಟಕದಲ್ಲಿ ಬೆಳೆಯುವುದು ಕಾಳಿಗಾಗಿ.

ಬೆಳೆ

ಹಿಂಗಾರಿನಲ್ಲಿ, ಅಕ್ಟೋಬರ್–ನವೆಂಬರ್ ಹೊತ್ತಿಗೆ, ಎರೆಭೂಮಿಗೆ ಬಿತ್ತುತ್ತಾರೆ. ನೆಲದಲ್ಲಿ ಉಳಿದ ಹಸಿಯ ಮೇಲೆಯೇ ಬೆಳೆದು, ನೀಲಿ ಹೂಬಿಟ್ಟು, ಫೆಬ್ರವರಿ–ಮಾರ್ಚಿನಲ್ಲಿ ಕೊಯ್ಲಿಗೆ ಬರುತ್ತದೆ. ಕಡಲೆ, ಬಿಳಿಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿಯೂ ಹಾಕುವುದುಂಟು. ನೀರಾವರಿ ಬಂದು ಕಬ್ಬು ಹರಡಿದ ಕಡೆ ಅಗಸೆಗೆ ಜಾಗ ಕಿರಿದಾಯಿತು.

ಹಿಂಡಿ

ಈ ಸೀಮೆಯ ಅಡುಗೆಯಲ್ಲಿ ಅಗಸೆಯ ಮುಖ್ಯ ರೂಪ ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ. ಕಾಳನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಚಟಪಟ ಸಿಡಿಯುವವರೆಗೆ ಹುರಿದು, ಒಣಮೆಣಸಿನಕಾಯಿ ಅಥವಾ ಖಾರಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ತುಸು ಹುಣಸೆಹಣ್ಣು ಸೇರಿಸಿ ಕುಟ್ಟುತ್ತಾರೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳ ಜೊತೆಗೆ ಜೋಳದ ರೊಟ್ಟಿಗೆ ಇದೂ ಬೇಕು. ಮೇಲೆ ಗಟ್ಟಿ ಮೊಸರು ಅಥವಾ ಶೇಂಗಾ ಎಣ್ಣೆ.

ಹುರಿದು ಕುಟ್ಟುವ ಈ ಪದ್ಧತಿ ರುಚಿಗಷ್ಟೇ ಅಲ್ಲ. ಅಗಿಯದೆ ನುಂಗಿದ ಇಡೀ ಕಾಳು ಬಹುಪಾಲು ಜೀರ್ಣವಾಗದೆ ಹೊರಹೋಗುತ್ತದೆ. ಕುಟ್ಟಿದರೆ ಒಳಗಿನ ಎಣ್ಣೆ ದೇಹಕ್ಕೆ ದಕ್ಕುತ್ತದೆ. ಹಸಿ ಕಾಳಿನಲ್ಲಿ ಅಲ್ಪ ಪ್ರಮಾಣದಲ್ಲಿರುವ, ಸಯನೈಡ್ ಬಿಡುಗಡೆ ಮಾಡಬಲ್ಲ ಸಂಯುಕ್ತಗಳೂ ಹುರಿದಾಗ ತಗ್ಗುತ್ತವೆ. ಕಾಳಿನ ತೂಕದಲ್ಲಿ ಸುಮಾರು 40 ಪ್ರತಿಶತ ಎಣ್ಣೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲ, ಸಸ್ಯಮೂಲದ ಒಮೆಗಾ-3. ಇದೇ ಆಮ್ಲ ಗಾಳಿಗೆ ಬೇಗ ಕೆಡುತ್ತದೆ. ಆದ್ದರಿಂದ ಹಿಂಡಿಯನ್ನು ಸ್ವಲ್ಪ ಸ್ವಲ್ಪವೇ ಮಾಡಿ ಮುಚ್ಚಿಡಬೇಕು. ಕನರು ವಾಸನೆ ಬಂದರೆ ಬಳಸಬಾರದು.

ಲೋಳೆ

ಅಗಸೆಯ ಹೊರಸಿಪ್ಪೆಯ ಕೋಶಗಳಲ್ಲಿ ಲೋಳೆ ಒಣಗಿದ ಸ್ಥಿತಿಯಲ್ಲಿರುತ್ತದೆ. ನೀರು ತಗುಲಿದೊಡನೆ ಉಬ್ಬಿ, ಕೋಶದ ಗೋಡೆಯನ್ನು ಒಡೆದು ಹೊರಬರುತ್ತದೆ. ಇದು ಎಣ್ಣೆಯಲ್ಲ, ಅರಾಬಿನೋಕ್ಸೈಲಾನ್ ಮೊದಲಾದ ಪಾಲಿಸ್ಯಾಕರೈಡ್‌ಗಳ ಮಿಶ್ರಣ. ಬಿಸಿ ನೀರಿನಲ್ಲಿ ಹೆಚ್ಚು ಬಿಡುತ್ತದೆ, ಆರಿದಂತೆ ಗಟ್ಟಿಯಾಗುತ್ತದೆ. ಮನೆಯಲ್ಲಿ ಕೂದಲಿಗೆ ಮಾಡುವ ಜೆಲ್ ನಿಂತಿರುವುದು ಈ ಎರಡು ಗುಣಗಳ ಮೇಲೆ: ಕಾಲು ಬಟ್ಟಲು ಹಸಿ ಕಾಳನ್ನು ಎರಡು ಬಟ್ಟಲು ನೀರಿನಲ್ಲಿ ಕೈಯಾಡಿಸುತ್ತ ಕುದಿಸಿ, ಮೊಟ್ಟೆಯ ಬಿಳಿಯ ಹದಕ್ಕೆ ಬಂದೊಡನೆ ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಬೇಕು. ಆರಿದ ಮೇಲೆ ಬಟ್ಟೆಯಿಂದ ಇಳಿಯುವುದು ಕಷ್ಟ.

ತೊಳೆದ ಒದ್ದೆ ಕೂದಲಿಗೆ ಸವರಿದರೆ ಲೋಳೆ ಒಣಗಿ ಎಳೆಯ ಸುತ್ತ ತೆಳುಪೊರೆಯಾಗುತ್ತದೆ. ಗುಂಗುರು ಕೂದಲು ಹರಡದೆ ನಿಲ್ಲುತ್ತದೆ. 1920–30ರ ದಶಕಗಳಲ್ಲಿ ಅಮೆರಿಕದ ಹೆಂಗಸರು ಅಲೆಯಲೆಯಾದ ಕೇಶವಿನ್ಯಾಸಕ್ಕೆ ಇದೇ ಲೋಳೆ ಬಳಸುತ್ತಿದ್ದರು. ನಮ್ಮಲ್ಲಿ ಸೀಗೆಕಾಯಿಯ ಜೊತೆ ದಾಸವಾಳದ ಎಲೆ ಅರೆದು ಹಚ್ಚುವ ರೂಢಿಯ ಹಿಂದೆಯೂ ಸಸ್ಯದ ಲೋಳೆಯೇ ಇದೆ. ಸಂರಕ್ಷಕವಿಲ್ಲದ ಜೆಲ್ಲನ್ನು ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು.

ಅಗಸೆಎಣ್ಣೆಯ ಮಾತು ಬೇರೆ. ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುವ ಈ ಎಣ್ಣೆ ಬಣ್ಣ, ವಾರ್ನಿಷ್‌ಗಳಿಗೆ ಹೇಳಿ ಮಾಡಿಸಿದ್ದು. ತಲೆಗೆ ಹಚ್ಚಲು ಕೊಬ್ಬರಿ ಎಣ್ಣೆಯೇ ಲೇಸು. ಜೆಲ್ಲಿನಿಂದ ಕೂದಲು ಹೊಸದಾಗಿ ಬೆಳೆಯುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಅದು ಕೂದಲನ್ನು ಓರಣವಾಗಿ ನಿಲ್ಲಿಸುವ ಸಾಧನ.