ಬಿದನೂರಿನ ಬಾಗಿಲು

ಶಿವಮೊಗ್ಗೆಯಲ್ಲಿ ತುಂಗಾನದಿಗೆ ಸಮೀಪವಾಗಿ, ಶಿವಪ್ಪನಾಯಕನ ಅರಮನೆಯೆಂದು ಕರೆಯಲ್ಪಡುವ ಕಟ್ಟಡವೊಂದಿದೆ. ಮರದ ದಪ್ಪ ಕಂಬಗಳ ಆ ತೊಟ್ಟಿಯಲ್ಲಿ ನಿಂತಾಗಲೆಲ್ಲ ನನಗೊಂದು ವಿಚಿತ್ರ ತೋರುತ್ತದೆ. ಹೆಸರು ಕೆಳದಿಯ ಅರಸನದು. ಕಟ್ಟಡವಾದರೋ ಕೆಳದಿಯನ್ನು ಗೆದ್ದ ಹೈದರಾಲಿಯ ಕಾಲದ್ದೆಂದು ಬಲ್ಲವರು ಹೇಳುತ್ತಾರೆ. ಔರಂಗಜೇಬನ ಸೈನ್ಯಕ್ಕೆ ದಕ್ಕದಿದ್ದ ರಾಜ್ಯ, ಮುಕ್ಕಾಲು ಶತಮಾನ ಕಳೆಯುವಷ್ಟರಲ್ಲಿ ಹೈದರನಿಗೆ ದಕ್ಕಿತು. ಬೆಟ್ಟ ಅದೇ, ಕಾಡು ಅದೇ, ಮಳೆಯೂ ಅದೇ. ಹಾಗಾದರೆ ಬದಲಾದುದು ಯಾವುದು?

1686ರಲ್ಲಿ ಬಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಮೊಗಲರ ಕೈಸೇರಿದ್ದವು. 1689ರ ಮಾರ್ಚಿಯಲ್ಲಿ ಸಂಭಾಜಿಯ ವಧೆಯಾಯಿತು. ಶಿವಾಜಿಯ ಕಿರಿಯ ಮಗ ರಾಜಾರಾಮನು ಅದೇ ವರ್ಷ ವೇಷ ಮರೆಸಿಕೊಂಡು ದಕ್ಷಿಣದ ಜಿಂಜಿಯತ್ತ ಹೊರಟನು. ದಾರಿಯಲ್ಲಿ ಅವನಿಗೆ ಆಶ್ರಯವಿತ್ತು, ತನ್ನ ಸೀಮೆಯನ್ನು ಸುರಕ್ಷಿತವಾಗಿ ದಾಟಿಸಿದವಳು ಬಿದನೂರಿನ ರಾಣಿ ಚೆನ್ನಮ್ಮಾಜಿ. ಸುದ್ದಿ ತಿಳಿದ ಬಾದಶಹನು ಆಕೆಯನ್ನು ದಂಡಿಸಲು ಜಾನ್ ನಿಸಾರ್ ಖಾನನನ್ನು ಕಳುಹಿಸಿದನು. ಮರಾಠರ ಸಂತಾಜಿ ಘೋರ್ಪಡೆ ರಾಣಿಯ ನೆರವಿಗೆ ಬಂದನು. ಕಡೆಗೆ ಅಲ್ಪ ಕಾಣಿಕೆಯೊಂದರಲ್ಲಿ ವಿಷಯ ಮುಕ್ತಾಯವಾಯಿತು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಇದನ್ನು ರಾಣಿಯ ಜಯವೆಂದು ಹೇಳಿದರೆ, ಮೊಗಲರ ಕಡೆಯವರು ದಂಡ ತೆತ್ತಳೆಂದು ಬರೆದುಕೊಂಡರು. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ನಿಜದ ಅರಿವಾಗುವುದು. ದಂಡ ತೆತ್ತಿರಬಹುದು, ಆದರೆ ರಾಜ್ಯ ಉಳಿಯಿತು, ಅತಿಥಿ ಜಿಂಜಿ ಸೇರಿದನು. ದಾಳಿಯ ಉದ್ದೇಶವೇ ವ್ಯರ್ಥವಾಯಿತು.

ದಾಳಿಯಿಟ್ಟವನು ಗೆಲ್ಲಲೇಬೇಕು, ಕಾಯುವವನು ಸೋಲದೆ ಉಳಿದರೆ ಸಾಕು. ದೊಡ್ಡ ಸೇನೆಗಳು ಎಡವುವುದು ಈ ವ್ಯತ್ಯಾಸದಲ್ಲಿ.

ಭದ್ರಾವತಿಯ ಬಯಲಿನಿಂದ ಪಶ್ಚಿಮಕ್ಕೆ ಹೊರಟು, ಶಿವಮೊಗ್ಗೆ, ಮಂಡಗದ್ದೆ, ತೀರ್ಥಹಳ್ಳಿಗಳನ್ನು ದಾಟಿ ಇಂದಿನ ನಗರವಾದ ಹಳೆಯ ಬಿದನೂರಿಗೆ ಹೋದವರಿಗೆ ಈ ಮಾತು ಕಣ್ಣಿಗೇ ಕಾಣುತ್ತದೆ. ಬಯಲಿನಲ್ಲಿ ಹರಡಿಕೊಂಡು ಬರುವ ಸೈನ್ಯ ಕಾಡು ಹೊಕ್ಕೊಡನೆ ಒಂದು ಎಳೆಯಾಗುತ್ತದೆ. ಹತ್ತು ಸಾವಿರ ಜನರಿದ್ದರೂ ಇಕ್ಕಟ್ಟಿನ ದಾರಿಯಲ್ಲಿ ಎದುರಾಳಿಯ ಮುಂದೆ ನಿಲ್ಲುವವರು ಹತ್ತೇ ಮಂದಿ. ಉಳಿದವರೆಲ್ಲ ಅನ್ನ ಬೇಡುವ ಬಾಯಿಗಳು. ಅವರ ಹಿಂದೆ ಕುದುರೆಗೆ ಹುರುಳಿ, ಎತ್ತಿಗೆ ಮೇವು. ಬಯಲುಸೀಮೆಯ ರಾವುತನಿಗೆ ಬಲವಾಗಿದ್ದ ಕುದುರೆಯೇ ಇಲ್ಲಿ ಹೊರೆ. ಮಳೆಯೇ ಮೊಗಲರನ್ನು ಓಡಿಸಿತೆಂದು ಜನ ಹೇಳುವುದುಂಟು. ರಾಜಾರಾಮನು ಈ ಸೀಮೆಯನ್ನು ಹಾದುಹೋದದ್ದು ಮಳೆಗಾಲದ ಕೊನೆಗೆ; ಆದುದರಿಂದ ಆ ಮಾತನ್ನು ನಾನು ಅಕ್ಷರಶಃ ಒಪ್ಪಲಾರೆ. ಆದರೆ ಆಗುಂಬೆಯ ಕಡೆ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಶಿವಮೊಗ್ಗೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಮುಂದಿನ ಮುಂಗಾರಿನೊಳಗೆ ಕೆಲಸ ಮುಗಿಸಬೇಕೆಂಬ ಭಯ ಹೊರಗಿನವನನ್ನು ಮೊದಲ ದಿನದಿಂದಲೇ ಕಾಡುತ್ತದೆ. ಮನೆಯಲ್ಲಿರುವವನಿಗೆ ಅಂಥ ಅವಸರವಿಲ್ಲ.

ನೆಲವೊಂದೇ ಸಾಲದು, ಅದನ್ನು ಬಳಸುವ ಬುದ್ಧಿಯೂ ಬೇಕು. ಪತಿ ಸೋಮಶೇಖರನಾಯಕನ ಮರಣದ ಬಳಿಕ, 1672ರ ಸುಮಾರಿಗೆ, ಬಿಜಾಪುರದ ಸೇನೆ ಏರಿ ಬಂದಾಗ ಚೆನ್ನಮ್ಮಾಜಿ ರಾಜಧಾನಿಗಾಗಿ ಹಟ ಹಿಡಿಯಲಿಲ್ಲ. ಬಿದನೂರನ್ನು ಬಿಟ್ಟು ಭುವನಗಿರಿಯ, ಎಂದರೆ ಕವಲೇದುರ್ಗದ, ಆಶ್ರಯ ಪಡೆದು, ಬಲ ಕೂಡಿಸಿಕೊಂಡು ಮತ್ತೆ ತಲೆಯೆತ್ತಿದಳು. 1812ರಲ್ಲಿ ರಷ್ಯನರು ನೆಪೋಲಿಯನ್ನನಿಗೆ ಮಾಸ್ಕೋ ನಗರವನ್ನು ಬಿಟ್ಟುಕೊಟ್ಟು ಸೈನ್ಯವನ್ನು ಉಳಿಸಿಕೊಂಡರಲ್ಲವೆ? ಅದೇ ನೀತಿ. ಇದಕ್ಕೆ ಪ್ರಜೆಗಳ ಬೆಂಬಲವೂ ಬೇಕು. ಶಿವಪ್ಪನಾಯಕನ ‘ಶಿಸ್ತು’ ಭೂಮಿಯ ಗುಣವನ್ನು ನೋಡಿ ಕಂದಾಯವನ್ನು ಗೊತ್ತುಪಡಿಸಿತ್ತು. ತಾನು ಕೊಡಬೇಕಾದುದೆಷ್ಟೆಂದು ಬಲ್ಲ ರೈತನಿಗೆ ಆ ರಾಜ್ಯ ಉಳಿಯುವುದರಲ್ಲಿ ತನ್ನದೂ ಒಂದು ಪಾಲಿತ್ತೆಂದು ನಾನು ಭಾವಿಸುತ್ತೇನೆ.

ಈಗ 1763ಕ್ಕೆ ಬರೋಣ. ರಾಣಿ ವೀರಮ್ಮಾಜಿಯ ಆಳಿಕೆ. ಸತ್ತನೆಂದು ನಂಬಲಾಗಿದ್ದ ದತ್ತುಪುತ್ರ ಚೆನ್ನಬಸಪ್ಪನು ತಾನೇ ಎಂದು ಹೇಳಿಕೊಂಡ ತರುಣನೊಬ್ಬ ಚಿತ್ರದುರ್ಗದಲ್ಲಿ ಕಾಣಿಸಿಕೊಂಡನು. ಅವನ ಹಕ್ಕನ್ನು ಎತ್ತಿಹಿಡಿಯುವ ನೆಪದಲ್ಲಿ ಹೈದರನು ದಂಡೆತ್ತಿ ಬಂದನು. ಅರಮನೆಯ ಬಗ್ಗೆ ಜನರಲ್ಲಿ ಅಪವಾದ, ಅಧಿಕಾರಿಗಳಲ್ಲಿ ಒಡಕು. ಹಿಂದೆ ಸೆರೆಯಲ್ಲಿಟ್ಟಿದ್ದ ಮಾಜಿ ಮಂತ್ರಿಯೊಬ್ಬನು ಗುಪ್ತವಾದ ದಾರಿಯನ್ನು ಹೈದರನಿಗೆ ತೋರಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಚೆನ್ನಮ್ಮಾಜಿಯ ಕಾಲಕ್ಕೆ ಗೋಡೆಯಾಗಿದ್ದ ಕಾಡೇ ಈಗ ಶತ್ರುವಿಗೆ ಮರೆಯಾಯಿತು. ಬಿದನೂರು ಬಿದ್ದಿತು, ರಾಣಿ ಸೆರೆಯಾಗಿ ಮಧುಗಿರಿಯ ಕೋಟೆ ಸೇರಿದಳು, ಊರು ಹೈದರನಗರವಾಯಿತು.

ಇದು ಬಿದನೂರಿನ ಕಥೆ ಮಾತ್ರವಲ್ಲ. ಎಂಟು ತಿಂಗಳ ಮುತ್ತಿಗೆಯಲ್ಲಿ ಮೊಗಲರ ಫಿರಂಗಿಗಳಿಗೆ ಮಣಿಯದ ಗೋಲ್ಕೊಂಡ ಕೊನೆಗೆ ಬಿದ್ದುದು, ಲಂಚ ಪಡೆದವನೊಬ್ಬ ಒಳಗಿನಿಂದ ಬಾಗಿಲು ತೆರೆದಾಗ.

ಕವಲೇದುರ್ಗದ ಮೆಟ್ಟಿಲುಗಳನ್ನು ಹತ್ತಿ, ಒಂದರ ಹಿಂದೊಂದಾಗಿ ನಿಂತ ಅದರ ಕಲ್ಲಿನ ಹೆಬ್ಬಾಗಿಲುಗಳನ್ನು ದಾಟುವಾಗ ನನಗೆ ಈ ಇಬ್ಬರು ರಾಣಿಯರೂ ನೆನಪಾಗುತ್ತಾರೆ. ಕಲ್ಲುಗಳು ಇಬ್ಬರಿಗೂ ಒಂದೇ ಆಗಿದ್ದವು. ಅವುಗಳ ಹಿಂದೆ ನಿಂತ ಜನರ ಮನಸ್ಸು ಮಾತ್ರ ಒಂದೇ ಆಗಿರಲಿಲ್ಲ. ವೀರಮ್ಮಾಜಿಯನ್ನು ಹಳಿಯುವುದು ಸುಲಭ. ಆದರೆ ಒಂದು ರಾಜ್ಯದಲ್ಲಿ ಮಂತ್ರಿಯಾಗಿದ್ದವನು ಶತ್ರುವಿಗೆ ದಾರಿ ತೋರಿಸುವಷ್ಟು ದೂರ ಹೋಗಬೇಕಾದರೆ, ಶತ್ರು ಬರುವುದಕ್ಕೆ ಬಹಳ ಮುಂಚೆಯೇ ಅಲ್ಲಿ ಏನೋ ಸೋತುಹೋಗಿರಬೇಕು.