ಸುದ್ದಿ ಬರೆಯಲು ಕಲಿಸಿದ್ದು ಯಾರ ದುಡ್ಡು?

ಪತ್ರಿಕೋದ್ಯಮ ಓದುವವರಿಗೆ ಇಂಟರ್ನ್‌ಶಿಪ್ ಬೇಕೇ ಬೇಕು. ಆದರೆ ಬಹಳ ಕಡೆ ಅದಕ್ಕೆ ಸಂಬಳವಿಲ್ಲ. ಕಮಲಾಪುರ ತಾಲ್ಲೂಕಿನ ಹಳ್ಳಿಯಿಂದ ಹೋದವರಿಗೆ ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ರೂಮಿನ ಬಾಡಿಗೆ, ಊಟ, ಬಸ್ ಚಾರ್ಜು ಎಲ್ಲ ಮನೆಯಿಂದಲೇ ಬರಬೇಕು. ಇಂಥ ಹೊತ್ತಿನಲ್ಲಿ ಯಾವುದೋ ಸಂಘಟನೆ, ‘ನಮ್ಮ ವಿಚಾರ ಒಪ್ಪುವುದಾದರೆ ವಿದ್ಯಾರ್ಥಿವೇತನ ಕೊಡುತ್ತೇವೆ’ ಎಂದರೆ ಏನು ಮಾಡಬೇಕು? ಈ ಪ್ರಶ್ನೆ ಹೊಸದಲ್ಲ. ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಸಂಪಾದಕ ಹರ್ಮನ್ ಮೊಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿ. ಕಲ್ಲಚ್ಚಿನ ಯಂತ್ರವೂ ಮಿಷನ್ನಿನದೇ. ಆದರೂ ಅದರಲ್ಲಿ ಊರ ವರ್ತಮಾನ, ಸರ್ಕಾರದ ಆದೇಶ, ಬೇರೆ ರಾಜ್ಯಗಳ ಸುದ್ದಿ, ಕಥೆಗಳು ಇದ್ದವು. ಮರುವರ್ಷ ಅದೇ ಪತ್ರಿಕೆ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ನಮ್ಮ ಬಳ್ಳಾರಿಯಿಂದ ಬಂತು.

ಬಾಬಾಸಾಹೇಬ್ ಅಂಬೇಡ್ಕರ್ 1913ರಲ್ಲಿ ಅಮೆರಿಕಕ್ಕೆ ಓದಲು ಹೋಗಿದ್ದು ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ. ಮರಳಿ ಬಂದು ಆ ಸಂಸ್ಥಾನದಲ್ಲಿ 10 ವರ್ಷ ನೌಕರಿ ಮಾಡಬೇಕೆಂಬ ಕರಾರು ಇತ್ತು. ಅದು ಕಾಗದದ ಮೇಲೆ ಸ್ಪಷ್ಟವಾಗಿತ್ತು. 1920ರ ಜನವರಿಯಲ್ಲಿ ಅವರು ‘ಮೂಕನಾಯಕ’ ಆರಂಭಿಸಿದಾಗ ಕೊಲ್ಹಾಪುರದ ಶಾಹೂ ಮಹಾರಾಜರು ಹಣ ಕೊಟ್ಟರು. ದುಡ್ಡು ಅರಸರದು, ಮಾತು ಮಾತ್ರ ಅಂಬೇಡ್ಕರರದೇ.

ನಮ್ಮ ಭಾಗದ ಕಥೆ ಬೇರೆ. ನಿಜಾಮರ ಕಾಲದಲ್ಲಿ ಆಡಳಿತ ಉರ್ದುವಿನಲ್ಲಿ ನಡೆಯಿತು, ಕನ್ನಡ ಹಿಂದೆ ಬಿತ್ತು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದ ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟ್‌ನಲ್ಲಿ ಕೊಂದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ಕಲಿಸಲು ಶುರು ಮಾಡಿದರು. ಗುಲಬರ್ಗಾ ವಿಶ್ವವಿದ್ಯಾಲಯ ಆಗಿದ್ದು 1980ರಲ್ಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ. ತಡವಾಗಿ ಬಂದ ನಮಗೆ ದುಡ್ಡಿನ ಆಸರೆ ಇನ್ನೂ ಹೆಚ್ಚು ಬೇಕು.

ಅಮೆರಿಕದಲ್ಲಿ ಗರ್ಭಪಾತವನ್ನು ವಿರೋಧಿಸುವ ಸಂಘಟನೆಗಳು ತಮ್ಮ ನಿಲುವಿನ ಕಾಲೇಜು ವಿದ್ಯಾರ್ಥಿಗಳಿಗೆ ಮಾಧ್ಯಮ ತರಬೇತಿ ಕೊಡುತ್ತವೆ. ಅಂಥ ತರಬೇತಿ ನಾಳೆ ಇಲ್ಲಿಗೂ ಬರಬಹುದು. ‘ಹುಟ್ಟದ ಕೂಸಿನ ಪರ ಬರೆಯಿರಿ’ ಎಂದರೆ ನಮ್ಮ ಹುಡುಗರು ಏನನ್ನು ತಿಳಿದಿರಬೇಕು?

ನಮ್ಮಲ್ಲಿ ಎರಡು ಕಾಯ್ದೆಗಳಿವೆ. 1971ರ ಕಾಯ್ದೆಯ ಪ್ರಕಾರ, ಅದರ ಷರತ್ತುಗಳೊಳಗೆ ಅರ್ಹ ವೈದ್ಯರಿಂದ ಗರ್ಭಪಾತ ಮಾಡಿಸಿಕೊಳ್ಳುವುದು ಅಪರಾಧವಲ್ಲ. 2021ರ ತಿದ್ದುಪಡಿಯ ನಂತರ ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೂ ಅವಕಾಶವಿದೆ. 1994ರ ಕಾಯ್ದೆ ಬೇರೆ. ಅದು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಪತ್ತೆ ಮಾಡಿ ಹೇಳುವುದನ್ನೇ ನಿಷೇಧಿಸುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 6 ವರ್ಷದೊಳಗಿನ 1,000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 948 ಮಾತ್ರ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದುದನ್ನು ಬೆಂಗಳೂರು ಪೊಲೀಸರು ಪತ್ತೆ ಹಚ್ಚಿದರು.

ಈ ಎರಡನ್ನೂ ಕಲಸಿ ‘ಗರ್ಭಪಾತ ಎಂದರೆ ಅಪರಾಧ’ ಎಂದು ಬರೆದರೆ ಏನಾಗುತ್ತದೆ? ತಾಲ್ಲೂಕು ಆಸ್ಪತ್ರೆಗೆ ಹೋಗಬೇಕಾದ ಹೆಣ್ಣುಮಗಳು ಹೆದರಿ ನಾಟಿ ಮದ್ದಿನವರ ಕಡೆ ಹೋಗಬಹುದು. ಅದರಲ್ಲಿ ಅವಳ ಜೀವವೇ ಹೋಗಬಹುದು. ಜೀವ ಉಳಿಸಬೇಕು ಎಂದು ಬರೆಯುವವರು ಮೊದಲು ಕಾಯ್ದೆಯನ್ನು ಸರಿಯಾಗಿ ಬರೆಯಬೇಕು.

ಅದಕ್ಕೇ, ಹಣ ಬಂತೆಂದು ಸಹಿ ಹಾಕುವ ಮೊದಲು ಕೆಲವು ವಿಷಯ ಕೇಳಿ. ದುಡ್ಡು ಯಾರದು? ಷರತ್ತುಗಳೆಲ್ಲ ಬರಹದಲ್ಲಿವೆಯೇ? ನನ್ನ ವರದಿಯಲ್ಲಿ ಸಿಕ್ಕ ಸಂಗತಿ ನಿಮ್ಮ ನಿಲುವಿಗೆ ಒಪ್ಪದಿದ್ದರೆ ಅದನ್ನು ಪ್ರಕಟಿಸುತ್ತೀರಾ? ಕೊನೆಯ ಪ್ರಶ್ನೆಗೆ ಹೌದು ಎಂದವರ ಹಣ ಯಾವ ಸಂಕೋಚವಿಲ್ಲದೆ ತಗೊಳ್ಳಿ. ಉತ್ತರ ಕೊಡದವರ ಹತ್ತಿರ ಸಿಗುವುದು ಪ್ರಚಾರದ ಕೆಲಸ. ಅದಕ್ಕೂ ಸಂಬಳ ಇರಬಹುದು, ಆದರೆ ಅದನ್ನು ವರದಿಗಾರಿಕೆ ಎಂದು ಕರೆಯಬೇಡಿ.