ಚಕ್ರವ್ಯೂಹದ ಬಾಗಿಲಲ್ಲಿ ನಿಂತ ಹುಡುಗರು

ಗದುಗಿನ ಭಾರತವನ್ನು ಕೇಳಿ ಬೆಳೆದ ನಮಗೆ ಅಭಿಮನ್ಯು ಅಪರಿಚಿತನಲ್ಲ. ವ್ಯೂಹವನ್ನು ಹೊಗಲು ಬಲ್ಲ, ಹೊರಬರಲು ಅರಿಯದ ಆ ಬಾಲಕನನ್ನು ಧರ್ಮರಾಯನೇ ರಣಕ್ಕೆ ಕಳುಹಿದನು. ಹಿಂದೆಯೇ ಬರುತ್ತೇವೆಂದ ಹಿರಿಯರನ್ನು ಸೈಂಧವನು ಬಾಗಿಲಲ್ಲಿಯೇ ತಡೆದನು. ಇದನ್ನು ನಾವು ಶೌರ್ಯದ ಕಥೆಯೆಂದು ಹೇಳುತ್ತ ಬಂದಿದ್ದೇವೆ. ಇದು ಹಿರಿಯರ ಮಾತು ಹುಸಿಯಾದ ಕಥೆಯೂ ಹೌದು. ಆಧುನಿಕ ಯುದ್ಧ ಕಾದಂಬರಿಯು ಬಹುಮಟ್ಟಿಗೆ ಈ ಎರಡನೆಯ ಕಥೆಯನ್ನೇ ಹೇಳಿದೆ.

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. 1871ರಲ್ಲಿ ಹುಟ್ಟಿದ ಸ್ಟೀಫನ್ ಕ್ರೇನ್, ರಣರಂಗವನ್ನು ಕಣ್ಣಾರೆ ಕಾಣುವ ಮೊದಲೇ, 1895ರಲ್ಲಿ ‘ದಿ ರೆಡ್ ಬ್ಯಾಡ್ಜ್ ಆಫ್ ಕರೇಜ್’ ಕಾದಂಬರಿಯನ್ನು ಪ್ರಕಟಿಸಿದನು. ಅದರ ನಾಯಕ ಹೆನ್ರಿ ಫ್ಲೆಮಿಂಗ್ ಪುರಾಣವೀರರಿಗೆ ಸಲ್ಲುವಂತಹ ಬೀಳ್ಕೊಡುಗೆಯನ್ನು ಬಯಸುತ್ತಾನೆ. ತಾಯಿಯಾದರೋ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ಕುಳಿತಿರುತ್ತಾಳೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ನಮ್ಮ ಗಾದೆಯಂತೆ, ಮೊದಲ ಕಾಳಗದಲ್ಲಿಯೇ ಹೆನ್ರಿ ಪಲಾಯನ ಮಾಡುತ್ತಾನೆ. ಓಡುತ್ತಿದ್ದ ಸ್ವಪಕ್ಷದ ಸೈನಿಕನೊಬ್ಬನ ಬಂದೂಕಿನ ಹಿಡಿ ತಗುಲಿ ಅವನ ತಲೆಗೆ ಗಾಯವಾಗುತ್ತದೆ. ಸಂಗಡಿಗರು ಅದನ್ನು ಗುಂಡೇಟೆಂದು ನಂಬುತ್ತಾರೆ. ಅವನು ನಿಜವನ್ನು ಹೇಳುವುದಿಲ್ಲ. ಮರುದಿನ ಅವನು ಧ್ವಜ ಹಿಡಿದು ಮುನ್ನುಗ್ಗಿದರೂ ಆ ಮೌನ ಅವನೊಡನೆ ಉಳಿಯುತ್ತದೆ.

ಎರಿಕ್ ಮರಿಯ ರೆಮಾರ್ಕ್ ಯುದ್ಧವನ್ನು ಕಂಡವನು. 1916ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಜರ್ಮನ್ ಸೈನ್ಯಕ್ಕೆ ಕರೆಸಲ್ಪಟ್ಟ ಅವನು ಮರುವರ್ಷ ಫ್ಲಾಂಡರ್ಸ್‌ನಲ್ಲಿ ಗಾಯಗೊಂಡನು. 1929ರಲ್ಲಿ ಪುಸ್ತಕವಾಗಿ ಬಂದ ಅವನ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಕೃತಿಯಲ್ಲಿ ಧರ್ಮರಾಯನ ಸ್ಥಾನದಲ್ಲಿರುವವನು ಕಾಂಟೊರೆಕ್ ಎಂಬ ಉಪಾಧ್ಯಾಯ. ಅವನ ಭಾಷಣಕ್ಕೆ ಮನಸೋತು ತರಗತಿಗೆ ತರಗತಿಯೇ ಸೈನ್ಯ ಸೇರುತ್ತದೆ. ಹಿಂಜರಿದು ಕೊನೆಗೆ ಒಪ್ಪಿದ ಬೆಮ್ ಎಂಬ ಹುಡುಗನೇ ಮೊದಮೊದಲು ಸಾಯುವವರಲ್ಲಿ ಒಬ್ಬ. ಗೆಳೆಯ ಕೆಮೆರಿಖ್ ಆಸ್ಪತ್ರೆಯಲ್ಲಿ ಅಳುತ್ತ ನಿಧಾನವಾಗಿ ಪ್ರಾಣಬಿಡುತ್ತಾನೆ. ರಜೆಯಲ್ಲಿ ಊರಿಗೆ ಬಂದ ನಾಯಕ ಪಾಲ್ ಬಾಯ್ಮರ್, ಆ ಗೆಳೆಯನ ತಾಯಿಯ ಮುಂದೆ ‘ಕ್ಷಣದಲ್ಲೇ ಸತ್ತ, ನೋಯಲಿಲ್ಲ’ ಎಂದು ಆಣೆಯಿಡುತ್ತಾನೆ. ಹಿರಿಯರ ಹುಸಿಮಾತಿನಿಂದ ಯುದ್ಧಕ್ಕೆ ಹೋದ ಹುಡುಗ ಈಗ ಕರುಣೆಯಿಂದ ತಾನೇ ಹುಸಿ ನುಡಿಯಬೇಕಾಗಿದೆ. ಕಾದಂಬರಿಯ ಅತ್ಯಂತ ಕ್ರೂರ ಘಳಿಗೆ ಇದೇ ಎಂದು ನನ್ನ ಭಾವನೆ. ಪಾಲ್ 1918ರ ಅಕ್ಟೋಬರಿನಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಸಾಯುತ್ತಾನೆ.

ಈ ಸತ್ಯವನ್ನು ನಾಜಿಗಳು ಸಹಿಸಲಿಲ್ಲ. 1933ರಲ್ಲಿ ಪುಸ್ತಕವನ್ನು ಸುಟ್ಟರು. 1938ರಲ್ಲಿ ಲೇಖಕನ ಪೌರತ್ವವನ್ನು ಕಿತ್ತುಕೊಂಡರು. 1939ರಲ್ಲಿ ಅಮೆರಿಕಕ್ಕೆ ಬಂದ ರೆಮಾರ್ಕ್ 1947ರಲ್ಲಿ ಇಲ್ಲಿಯ ಪ್ರಜೆಯಾದನು. ಅವನೂ ನಮ್ಮಂತೆಯೇ ಕಡಲು ದಾಟಿ ಬಂದವನು.

ಅದೇ ಮಹಾಯುದ್ಧದಲ್ಲಿ ಭಾರತದ ಹತ್ತು ಲಕ್ಷಕ್ಕೂ ಮಿಕ್ಕಿದ ಜನ ಸಾಗರದಾಚೆ ಸೇವೆ ಸಲ್ಲಿಸಿದರು. ಮುಲ್ಕ್ ರಾಜ್ ಆನಂದರ ‘ಅಕ್ರಾಸ್ ದಿ ಬ್ಲ್ಯಾಕ್ ವಾಟರ್ಸ್’ ಕಾದಂಬರಿಯ ಲಾಲು, ಪಂಜಾಬಿನ ರೈತನ ಮಗ, ತನ್ನದಲ್ಲದ ಜಗಳಕ್ಕಾಗಿ ಫ್ರಾನ್ಸಿನ ಕೆಸರಿನಲ್ಲಿ ನಿಲ್ಲುತ್ತಾನೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯೂ ಇತ್ತು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಆ ಪಡೆಯ ನೆನಪಿಗೂ ಒಂದು ಪ್ರತಿಮೆಯಿದೆ. ಗೆಲುವಿನ ದಿನಾಂಕವನ್ನು ಕಲ್ಲು ಕಾಪಾಡಬಲ್ಲದು. ಅಂದು ಕುದುರೆಯ ಮೇಲೆ ಕುಳಿತ ಹುಡುಗನ ಎದೆಯಲ್ಲಿ ಏನಿತ್ತೆಂಬುದನ್ನು ಅದು ಹೇಳಲಾರದು. ಅದಕ್ಕೆ ಕಥೆಯೇ ಬೇಕು.

ಇಲ್ಲಿಯ ಶಾಲೆಗಳಲ್ಲಿ ಕ್ರೇನ್‌ನನ್ನೂ ರೆಮಾರ್ಕ್‌ನನ್ನೂ ಓದುವ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಅವರಿಗೆ ಅಭಿಮನ್ಯುವಿನ ಕಥೆಯನ್ನು ಹೇಳುವ ಹೊಣೆ ನಮ್ಮದು. ಹೇಳುವಾಗ ಧರ್ಮರಾಯನ ಪಾಲನ್ನು ಬಿಡದೆ ಹೇಳೋಣ.